ಮುಚ್ಚಿಹೋದ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ಉಳಿಸುವ ಬಗೆ: ಥರ್ಡ್ ಲ್ಯಾನಾರ್ಕ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಗ್ಲಾಸ್ಗೋದ ದಕ್ಷಿಣ ಭಾಗದಲ್ಲಿ ಕ್ಯಾತ್ಕಿನ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಿದೆ. ನಡುವೆ ಹುಲ್ಲಿನ ಮೈದಾನ, ಮೂರು ಕಡೆ ಕಾಂಕ್ರೀಟ್ ಮೆಟ್ಟಿಲುಸಾಲು, ಜನ ಒರಗಿ ನಿಲ್ಲುತ್ತಿದ್ದ ಕಬ್ಬಿಣದ ಅಡ್ಡಕಂಬಿಗಳು, ಮೆಟ್ಟಿಲ ಸಂದಿಗಳಲ್ಲೇ ಬೇರುಬಿಟ್ಟು ಬೆಳೆದ ಮರಗಳು. ಇದು ಥರ್ಡ್ ಲ್ಯಾನಾರ್ಕ್ ಕ್ಲಬ್ಬಿನ ಮನೆಯಂಗಳವಾಗಿತ್ತು. 1872ರಲ್ಲಿ ಹುಟ್ಟಿ, ಮರುವರ್ಷ ಸ್ಕಾಟಿಷ್ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವರ ಸಾಲಿನಲ್ಲಿದ್ದು, 1889 ಮತ್ತು 1905ರಲ್ಲಿ ಸ್ಕಾಟಿಷ್ ಕಪ್, 1903-04ರಲ್ಲಿ ಲೀಗ್ ಗೆದ್ದ ತಂಡ. 1967ರ ಏಪ್ರಿಲ್ 28ರಂದು ಡಂಬಾರ್ಟನ್‌ನ ಬಾಗ್‌ಹೆಡ್ ಮೈದಾನದಲ್ಲಿ 5-1ರಿಂದ ಸೋತದ್ದೇ ಅದರ ಕೊನೆಯ ಆಟ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಕ್ಲಬ್ಬೇ ಇರಲಿಲ್ಲ.

ನಡೆಯುತ್ತಿರುವ ಕ್ಲಬ್ಬಿಗೆ ಕಚೇರಿ ಇರುತ್ತದೆ, ಟ್ರೋಫಿ ಕಪಾಟು ಇರುತ್ತದೆ, ಕಡತ ನೋಡಿಕೊಳ್ಳುವವರು ಇರುತ್ತಾರೆ. ಮುಚ್ಚಿಹೋದ ಕ್ಲಬ್ಬಿನ ದಾಖಲೆ ಅಂದರೆ ಅಭಿಮಾನಿಗಳ ಮನೆಯ ಅಟ್ಟ. ಹಾಗಾಗಿ ಇಲ್ಲಿ ಹೇಳಿರುವ ಕ್ರಮ ಸಾಮಾನ್ಯವಾಗಿ ನಡೆಯುವುದಕ್ಕೆ ತಿರುವುಮುರುವು. ಅನೇಕ ಗುಂಪುಗಳು ಹರಾಜಿನಲ್ಲಿ ಹಳೆ ಪ್ರೋಗ್ರಾಂ (ಆಟದ ದಿನ ಮೈದಾನದಲ್ಲಿ ಮಾರುತ್ತಿದ್ದ ಕಿರುಪುಸ್ತಕ) ಕೊಳ್ಳುವುದರಿಂದ ಆರಂಭಿಸುತ್ತವೆ, ಆಮೇಲೆ ವೆಬ್‌ಸೈಟು, ಕೊನೆಗೆ ವಯಸ್ಸಾದವರ ನೆನಪು. ಅಷ್ಟರಲ್ಲಿ ಆ ವಯಸ್ಸಾದವರೇ ಇರುವುದಿಲ್ಲ. ಇಲ್ಲಿ ಮೊದಲು ಜನ, ಆಮೇಲೆ ಆಟಗಳ ಲೆಕ್ಕ, ಆಮೇಲೆ ವಸ್ತು. ಮೂರಕ್ಕೂ ಒಂದೇ ಕಟ್ಟಳೆ: ಬರೆದ ಪ್ರತಿ ಸಾಲಿನ ಪಕ್ಕ "ಎಲ್ಲಿಂದ ಬಂತು" ಎಂಬ ಕಾಲಂ ಇರಬೇಕು, ಅದು ಖಾಲಿ ಇರಬಾರದು.

ಇದರಲ್ಲಿ ಅರ್ಧ ಕೆಲಸಕ್ಕೆ ಗ್ಲಾಸ್ಗೋದಲ್ಲಿ ಇರಬೇಕಾಗಿಲ್ಲ. ಪತ್ರಿಕೆ ಹುಡುಕುವುದು, ನಕ್ಷೆ ಹೋಲಿಸುವುದು, ಧ್ವನಿಮುದ್ರಣ ಕೇಳಿ ಬರೆದುಕೊಳ್ಳುವುದು, ಪಟ್ಟಿ ತಾಳೆ ನೋಡುವುದು ಬೆಂಗಳೂರಿನಲ್ಲಿ ಕೂತೂ ಆಗುತ್ತದೆ.

ಹೆಸರಿನ ಗೊಂದಲ ಮೊದಲು ಬಗೆಹರಿಯಲಿ

ಒಂದು ದಿನದ ಕೆಲಸ, ಆದರೆ ಬಿಟ್ಟರೆ ವರ್ಷಗಟ್ಟಲೆ ಕಾಡುತ್ತದೆ. ಲ್ಯಾನಾರ್ಕ್ ಎಂಬ ಊರಿಗೂ ಈ ಕ್ಲಬ್ಬಿಗೂ ನೇರ ಸಂಬಂಧವಿಲ್ಲ. ಥರ್ಡ್ ಲ್ಯಾನಾರ್ಕ್‌ಷೈರ್ ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಸೈನಿಕ ದಳದವರು ಗ್ಲಾಸ್ಗೋದಲ್ಲಿ ಕಟ್ಟಿದ ತಂಡ ಇದು. 1903ರಲ್ಲಿ ಸೈನ್ಯದ ನಂಟು ಕಳಚಿ ಥರ್ಡ್ ಲ್ಯಾನಾರ್ಕ್ ಅಥ್ಲೆಟಿಕ್ ಕ್ಲಬ್ ಆಯಿತು. ಹಳೆಯ ಪತ್ರಿಕೆಗಳಲ್ಲಿ "3ನೇ ಎಲ್.ಆರ್.ವಿ.", "ವಾಲಂಟಿಯರ್ಸ್", "ವಾರಿಯರ್ಸ್", "ಥರ್ಡ್ಸ್", "ಹೈ ಹೈ" ಎಂದೆಲ್ಲ ಬರುತ್ತದೆ. ಒಂದೇ ಹೆಸರಿನಲ್ಲಿ ಹುಡುಕಿದರೆ ಹತ್ತೊಂಬತ್ತನೇ ಶತಮಾನದ ವರದಿಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ.

ಮೈದಾನದ ಹೆಸರು ಇನ್ನೂ ಕಷ್ಟ. ಹ್ಯಾಂಪ್ಡನ್ ಪಾರ್ಕ್ ಎಂಬ ಹೆಸರಿನಲ್ಲಿ ಮೂರು ಬೇರೆಬೇರೆ ಮೈದಾನಗಳಿದ್ದವು. ಮೊದಲನೆಯದು 1873ರಿಂದ 1883, ಎರಡನೆಯದು 1884ರಿಂದ 1903, ಈಗಿನದು 1903ರ ಅಕ್ಟೋಬರ್‌ನಿಂದ. ಕ್ವೀನ್ಸ್ ಪಾರ್ಕ್ ತಂಡ ಎರಡನೆಯದನ್ನು ಬಿಟ್ಟಾಗ ಥರ್ಡ್ ಲ್ಯಾನಾರ್ಕ್ ಅದನ್ನು ಹಿಡಿದು ನ್ಯೂ ಕ್ಯಾತ್ಕಿನ್ ಪಾರ್ಕ್ ಎಂದು ಕರೆಯಿತು. ಅದಕ್ಕೆ ಮುಂಚಿನ ಕ್ಯಾತ್ಕಿನ್ ಪಾರ್ಕ್ ಬೇರೆಯೇ ಜಾಗ. ಹೀಗಾಗಿ 1895ರ ವರದಿಯಲ್ಲಿ "ಕ್ಯಾತ್ಕಿನ್" ಎಂದಿದ್ದರೆ ಅದು ಈಗ ಮರ ಬೆಳೆದಿರುವ ಮೈದಾನವಲ್ಲ. "ಹ್ಯಾಂಪ್ಡನ್" ಎಂದಿದ್ದರೆ ಅದೇ ಈ ಮೈದಾನ!

ಪರಿಹಾರ ಸರಳ. ಪ್ರತಿ ಮೈದಾನಕ್ಕೂ ಒಂದು ಸಂಖ್ಯೆ ಕೊಡಿ, ಮೈ-1, ಮೈ-2 ಹೀಗೆ. ಪಟ್ಟಿಯಲ್ಲಿ ಹೆಸರು ಬರೆಯಬೇಡಿ, ಸಂಖ್ಯೆ ಬರೆಯಿರಿ. ಪತ್ರಿಕೆಯಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೆಯೇ ಇನ್ನೊಂದು ಕಾಲಂನಲ್ಲಿ ಇಳಿಸಿ. ಜಾಗ ಖಚಿತಪಡಿಸಿಕೊಳ್ಳಲು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲೆಂಡ್ ಉಚಿತವಾಗಿ ತೆರೆದಿಟ್ಟಿರುವ ಹಳೆಯ ಸರ್ವೇ ನಕ್ಷೆಗಳಿವೆ. ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹರಡಿ, ಗುಂಡಿ ಜಾರಿಸಿ ಎರಡನ್ನೂ ನೋಡಬಹುದು.

ಜನರ ನೆನಪು ದಾಖಲಿಸುವುದು

1967ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. 1960-61ರಲ್ಲಿ ಈ ತಂಡ ಲೀಗ್‌ನಲ್ಲಿ 100 ಗೋಲು ಹೊಡೆದು ಮೂರನೇ ಸ್ಥಾನಕ್ಕೆ ಬಂದಿತ್ತು. ಅದನ್ನು ಬುದ್ಧಿ ಬಂದ ಮೇಲೆ ನೋಡಿದವರು ಎಂಬತ್ತರ ಹತ್ತಿರ ಇದ್ದಾರೆ. ಮೊದಲ ಮೂರು ತಿಂಗಳು ಬೇರೆ ಎಲ್ಲವನ್ನೂ ಬದಿಗಿಟ್ಟು ಇದನ್ನೇ ಮಾಡಿ.

ಉಪಕರಣ ಹೆಚ್ಚೇನೂ ಬೇಡ. ಅಂಗಿಗೆ ಸಿಕ್ಕಿಸುವ ಮೈಕು, ಕಿವಿಗೆ ಹೆಡ್‌ಫೋನು, ಒಂದು ಧ್ವನಿಮುದ್ರಣ ಯಂತ್ರ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ರೂಪದಲ್ಲಿಯೇ ಮುದ್ರಿಸಿ. ಎಂಪಿ3 ಬೇಡ, ಅದು ಒಮ್ಮೆ ಕತ್ತರಿಸಿ ಬಿಸಾಡಿದ ಧ್ವನಿ ಮತ್ತೆ ಬರುವುದಿಲ್ಲ. ಒಂದೇ ಮೈಕಿನ ಮುದ್ರಣ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ದೊಡ್ಡದೇನಲ್ಲ. ಕೋಣೆಯಲ್ಲಿ ಗೋಡೆ ಗಡಿಯಾರ ಇದ್ದರೆ ಹೊರಗಿಡಿ, ಫ್ರಿಜ್ಜಿರುವ ಅಡುಗೆಮನೆಯಲ್ಲಿ ಕೂರಬೇಡಿ. ಆರಂಭದಲ್ಲಿ ಯಾರು, ಎಲ್ಲಿ, ಯಾವ ತಾರೀಕು ಎಂದು ಬಾಯಲ್ಲೇ ಹೇಳಿಬಿಡಿ. ಕಡತದ ಹೆಸರು ಹಾಳಾದರೂ ಗುರುತು ಒಳಗೇ ಉಳಿಯುತ್ತದೆ.

ಪ್ರಶ್ನೆ ಕೇಳುವುದರಲ್ಲೇ ಎಲ್ಲ ಇದೆ. "ಯಾವ ವರ್ಷ, ಸ್ಕೋರ್ ಎಷ್ಟು" ಎಂದು ಕೇಳಿದರೆ ಜನ ಪರೀಕ್ಷೆಗೆ ಕೂತಂತೆ ಹೆದರುತ್ತಾರೆ, ಇಲ್ಲವೇ ಎಲ್ಲೋ ಓದಿದ್ದನ್ನು ಒಪ್ಪಿಸುತ್ತಾರೆ. ಅದು ಪತ್ರಿಕೆಯಲ್ಲೇ ಸಿಗುತ್ತದೆ. ಪತ್ರಿಕೆಯಲ್ಲಿ ಸಿಗದ್ದನ್ನು ಕೇಳಿ. ಮೈದಾನಕ್ಕೆ ಹೇಗೆ ಬರುತ್ತಿದ್ದಿರಿ? ಯಾವ ಗೇಟು? ಯಾವ ಕಡೆ ನಿಲ್ಲುತ್ತಿದ್ದಿರಿ, ಪಕ್ಕದಲ್ಲಿ ಯಾರು? ಮಳೆ ಬಂದರೆ? ಹುಡುಗರಾಗಿದ್ದಾಗ ಒಳಗೆ ಹೋಗಲು ಏನು ಮಾಡುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ಸ್ಕಾಟ್‌ಲೆಂಡಿನ ಎಷ್ಟೋ ಜನ ಕೊಡುವ ಉತ್ತರ ಒಂದೇ: ಗೊತ್ತಿಲ್ಲದ ಯಾರೋ ದೊಡ್ಡವರನ್ನು "ನನ್ನನ್ನೂ ಎತ್ತಿ ದಾಟಿಸಿ" ಎಂದು ಕೇಳುವುದು, ಅವರು ತಿರುಗುಗೇಟಿನ ಮೇಲಿಂದ ಎತ್ತಿ ಒಳಗೆ ಇಳಿಸುವುದು. ಹಾಗೆ ಬಂದ ಹುಡುಗರು ಟಿಕೆಟಿನ ಲೆಕ್ಕಕ್ಕೇ ಸಿಗುವುದಿಲ್ಲ. ಪ್ರೇಕ್ಷಕರ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೂ ನಂಬಬಾರದೆನ್ನಲು ಇದೂ ಒಂದು ಕಾರಣ.

ಮಾತಿನಲ್ಲಿ ಬರುವ ಸಣ್ಣ ವಿವರ ಕಾಲ ಗೊತ್ತುಮಾಡಲು ನೆರವಾಗುತ್ತದೆ. ಟ್ರಾಮ್ ಹತ್ತಿ ಬಂದೆ ಎಂದರೆ ಅದು 1962ರ ಸೆಪ್ಟೆಂಬರಿಗಿಂತ ಮುಂಚಿನ ಆಟ, ಗ್ಲಾಸ್ಗೋದ ಟ್ರಾಮ್ ಆ ತಿಂಗಳಲ್ಲಿ ನಿಂತಿತು. ಬದಲಿ ಆಟಗಾರ ಇಳಿದ ಎಂದರೆ 1966-67ರ ಋತು, ಅಂದರೆ ಈ ಕ್ಲಬ್ಬಿನ ಕೊನೆಯ ವರ್ಷ. ಅದಕ್ಕೆ ಮೊದಲು ಸ್ಕಾಟಿಷ್ ಲೀಗ್‌ನಲ್ಲಿ ಬದಲಿ ಆಟಗಾರರೇ ಇರಲಿಲ್ಲ.

ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡಿ. ತಿದ್ದಿದ ಮೇಲೆ ಅವರು ಧೈರ್ಯವಾಗಿ ಮಾತಾಡುವುದಿಲ್ಲ. 100ನೇ ಗೋಲು ಬಂದದ್ದು ಋತುವಿನ ಕೊನೆಯ ದಿನ, ಹೈಬರ್ನಿಯನ್ ವಿರುದ್ಧದ 6-1ರ ಗೆಲುವಿನಲ್ಲಿ. ಆ ದಿನ ಮೈದಾನದಲ್ಲಿದ್ದೆ ಎನ್ನುವವರನ್ನೆಲ್ಲ ಸೇರಿಸಿದರೆ ಮೈದಾನದಲ್ಲಿ ಜಾಗ ಸಾಲದು. ಇರಲಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ನಿಮ್ಮ ಟಿಪ್ಪಣಿ ಪ್ರತ್ಯೇಕವಾಗಿರಲಿ.

ಎದ್ದು ಬರುವ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಬ್ರಿಟನ್ನಿನ ಕಾನೂನಿನಲ್ಲಿ ಮುದ್ರಣದ ಹಕ್ಕು ಮುದ್ರಿಸಿದವರದು, ಆಡಿದ ಮಾತಿನ ಹಕ್ಕು ಆಡಿದವರದು. ಮಾತು ಪ್ರಕಟಿಸಬಹುದೇ, ಹೆಸರು ಹಾಕಬಹುದೇ, ಸಂಗ್ರಹಾಲಯಕ್ಕೆ ಕೊಡಬಹುದೇ, ಯಾವುದಾದರೂ ಭಾಗ ಇಷ್ಟು ವರ್ಷ ಮುಚ್ಚಿಡಬೇಕೇ, ಈ ನಾಲ್ಕಕ್ಕೂ ಬೇರೆ ಬೇರೆ ಗುರುತು ಹಾಕಿಸಿಕೊಳ್ಳಿ. "ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ" ಎಂದು ಬಿಟ್ಟುಬಂದರೆ ಆ ಕಾಗದ ಬರುವುದಿಲ್ಲ. ಕೆಲವು ವರ್ಷಗಳ ನಂತರ ಸಹಿ ಮಾಡಬೇಕಾದವರೂ ಇರುವುದಿಲ್ಲ, ಮುದ್ರಣ ಇದ್ದೂ ಉಪಯೋಗಕ್ಕೆ ಬಾರದೆ ಕೂತಿರುತ್ತದೆ.

ಆಟಗಳ ಲೆಡ್ಜರು

ಇದು ಇಡೀ ಕೆಲಸದ ಬೆನ್ನುಮೂಳೆ. ಒಂದು ಸ್ಪ್ರೆಡ್‌ಶೀಟು, ಒಂದು ಆಟಕ್ಕೆ ಒಂದು ಸಾಲು. ಕಾಲಂಗಳು: ತಾರೀಕು, ಸ್ಪರ್ಧೆ, ಸುತ್ತು, ಎದುರಾಳಿ, ಮೈದಾನ ಸಂಖ್ಯೆ, ಪತ್ರಿಕೆಯಲ್ಲಿ ಅಚ್ಚಾದ ಮೈದಾನದ ಹೆಸರು, ಸ್ಕೋರು, ಹನ್ನೊಂದು ಆಟಗಾರರು, ಗೋಲು ಹೊಡೆದವರು, ಪ್ರೇಕ್ಷಕರ ಸಂಖ್ಯೆ, ಮೂಲ 1, ಮೂಲ 2, ತಕರಾರು. ಕೊನೆಯ ಕಾಲಂ ಬಿಡಬೇಡಿ. ಎರಡು ಮೂಲ ಎರಡು ಮಾತು ಹೇಳಿದಾಗ ಇಷ್ಟವಾದದ್ದನ್ನು ಆರಿಸಿ ಇನ್ನೊಂದನ್ನು ಅಳಿಸುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ನಷ್ಟ.

ಮೂಲಗಳಿಗೆ ಬರವಿಲ್ಲ. 1888ರಿಂದ 1914ರವರೆಗೆ ನಡೆದ ಸ್ಕಾಟಿಷ್ ರೆಫರೀ ಎಂಬ ಕ್ರೀಡಾಪತ್ರಿಕೆ ಆ ಕಾಲಕ್ಕೆ ಮುಖ್ಯ. ನಂತರಕ್ಕೆ ಗ್ಲಾಸ್ಗೋ ಹೆರಾಲ್ಡ್, ಈವನಿಂಗ್ ಟೈಮ್ಸ್, ಡೈಲಿ ರೆಕಾರ್ಡ್. ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿ, ಎಡಿನ್‌ಬರೋದ ನ್ಯಾಷನಲ್ ಲೈಬ್ರರಿಯಲ್ಲಿ ಹಳೆಯ ಪತ್ರಿಕೆ ನೋಡಬಹುದು. ಚಂದಾ ಕಟ್ಟಿದರೆ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಮನೆಯಿಂದಲೇ ಹುಡುಕಬಹುದು. ಅಲ್ಲಿ ಹುಡುಕುವುದು ಯಂತ್ರ ಓದಿಕೊಂಡ ಪಠ್ಯದಲ್ಲಿ ಎಂಬುದು ನೆನಪಿರಲಿ. ಮಸಿ ಹರಡಿದ ಪುಟದಲ್ಲಿ ಅದು ಅಕ್ಷರಗಳನ್ನು ಏನೇನೋ ಓದಿಕೊಂಡಿರುತ್ತದೆ. ಕ್ಲಬ್ಬಿನ ಹೆಸರಿನಲ್ಲಿ ಸಿಗದಿದ್ದರೆ ಎದುರಾಳಿಯ ಹೆಸರು ಹಾಕಿ, ಅದೂ ಸಿಗದಿದ್ದರೆ ಆ ತಾರೀಕಿನ ಮರುದಿನಗಳ ಕ್ರೀಡಾಪುಟವನ್ನು ಕಣ್ಣಿಂದಲೇ ಓದಿ.

ಶನಿವಾರ ಸಂಜೆಯ ಕ್ರೀಡಾ ಸಂಚಿಕೆಗಳು ಆಟ ಮುಗಿದ ಒಂದೆರಡು ಗಂಟೆಯಲ್ಲಿ ಬೀದಿಗೆ ಬರುತ್ತಿದ್ದವು. ವರದಿ ತುಂಡುತುಂಡಾಗಿ ಫೋನಿನಲ್ಲಿ ಹೋಗುತ್ತಿತ್ತು. ಮೊದಲಾರ್ಧ ಎಳೆಎಳೆಯಾಗಿ, ದ್ವಿತೀಯಾರ್ಧ ಎರಡು ಸಾಲು. ಗೋಲಿನ ಹೆಸರು ತಪ್ಪುವುದು ಅಲ್ಲೇ. ತಂಡದ ಪಟ್ಟಿಗೆ, ಗೋಲಿಗೆ ಸೋಮವಾರದ ಪತ್ರಿಕೆ ಮೇಲು. ಸಂಜೆ ಪತ್ರಿಕೆಯಿಂದ ಆಟದ ಕಾವು ತೆಗೆದುಕೊಳ್ಳಿ, ಲೆಕ್ಕ ತೆಗೆದುಕೊಳ್ಳಬೇಡಿ.

ಈಗ ಎಡವುವ ಜಾಗಗಳು.

1889ರ ಕಪ್ ಫೈನಲ್. ಫೆಬ್ರವರಿ 2ರಂದು ಥರ್ಡ್ ಲ್ಯಾನಾರ್ಕ್ ಸೆಲ್ಟಿಕ್ ವಿರುದ್ಧ 3-0ರಿಂದ ಗೆದ್ದಿತು. ಮೈದಾನದ ತುಂಬ ಹಿಮ. ಆ ಆಟವನ್ನು ಫೈನಲ್ ಎಂದು ಒಪ್ಪಲಿಲ್ಲ, ಸೌಹಾರ್ದ ಪಂದ್ಯವೆಂದೇ ಲೆಕ್ಕವಾಯಿತು. ಫೆಬ್ರವರಿ 9ರಂದು ಮತ್ತೆ ಆಡಿ 2-1ರಿಂದ ಗೆದ್ದದ್ದು ನಿಜವಾದ ಫೈನಲ್. ಮೊದಲ ಆಟದ ಮೂರು ಗೋಲನ್ನು ಕಪ್ ಲೆಕ್ಕಕ್ಕೆ ಸೇರಿಸಿದ ಪಟ್ಟಿ ಸಿಕ್ಕರೆ ಆ ಪಟ್ಟಿಯ ಉಳಿದ ಭಾಗವನ್ನೂ ಅನುಮಾನದಿಂದಲೇ ನೋಡಿ. ಎರಡಕ್ಕೂ ಒಂದೊಂದು ಸಾಲು ಕೊಡಿ, "ಸ್ಪರ್ಧೆ" ಕಾಲಂನಲ್ಲಿ ಬೇರೆ ಮಾಡಿ.

ಇಲ್ಲದ ಆಟಗಾರರು. ಪ್ರಯೋಗಕ್ಕೆಂದು ಆಡಿಸಿದ ಹುಡುಗನ ಹೆಸರು ಗುಟ್ಟಾಗಿಡಲು ಸ್ಕಾಟಿಷ್ ಪತ್ರಿಕೆಗಳು "ನ್ಯೂಮನ್", "ಜೂನಿಯರ್", "ಟ್ರಯಲಿಸ್ಟ್" ಎಂದು ಅಚ್ಚು ಹಾಕುತ್ತಿದ್ದವು. ಹೀಗಾಗಿ "ನ್ಯೂಮನ್" ಎಂಬ ಒಬ್ಬನೇ ವೀರ ಇಪ್ಪತ್ತು ವರ್ಷ, ಹತ್ತು ಕ್ಲಬ್ಬಿಗೆ, ಎಲ್ಲ ಸ್ಥಾನದಲ್ಲೂ ಆಡಿದಂತೆ ಪಟ್ಟಿಯಲ್ಲಿ ಕಾಣುತ್ತಾನೆ! ಆ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಗುರುತು ಹಾಕಿ. ನಂತರದ ವಾರದ ಪತ್ರಿಕೆಯಲ್ಲಿ ಆ ಹುಡುಗನಿಗೆ ಒಪ್ಪಂದ ಸಿಕ್ಕ ಸುದ್ದಿ ಬಂದಿದ್ದರೆ ನಿಜ ಹೆಸರು ಹೊರಬೀಳುತ್ತದೆ.

ಯುದ್ಧಕಾಲ. 1939-40ರ ಲೀಗ್ ಕೆಲವೇ ಆಟಗಳಾದ ಮೇಲೆ ನಿಂತುಹೋಯಿತು, ನಂತರದ ಪ್ರಾದೇಶಿಕ ಲೀಗುಗಳನ್ನು ಅಧಿಕೃತ ದಾಖಲೆಗೆ ಸೇರಿಸುವುದಿಲ್ಲ. ಅದಕ್ಕೆ ಮುಂಚಿನ ಮಹಾಯುದ್ಧದಲ್ಲಿ ಮಾತ್ರ ಉಲ್ಟಾ: ಮೊದಲ ದರ್ಜೆಯ ಲೀಗ್ ನಡೆದೇ ಇತ್ತು, ಸ್ಕಾಟಿಷ್ ಕಪ್ ನಿಂತಿತ್ತು. ಗ್ಲಾಸ್ಗೋ ಕಪ್, ಚಾರಿಟಿ ಕಪ್, ಮೀಸಲು ತಂಡದ ಆಟ, ಇವೆಲ್ಲಕ್ಕೂ ಬೇರೆ ಗುರುತು ಬೇಕು. ಇದೇಕೆ ಮುಖ್ಯ ಎಂದರೆ ಭಾರತದ ಓದುಗರಿಗೆ ಪರಿಚಿತವಾದ ಒಂದು ಹೆಸರು ಸಾಕು. ಕೋಲ್ಕತ್ತಾದ ಮೊಹಮ್ಮದ್ ಸಲೀಂ 1936ರಲ್ಲಿ ಸೆಲ್ಟಿಕ್ ಅಂಗಿ ತೊಟ್ಟು, ಬೂಟಿಲ್ಲದೆ ಪಾದಕ್ಕೆ ಪಟ್ಟಿ ಸುತ್ತಿಕೊಂಡು ಆಡಿದ್ದು ನಿಜ. ಆದರೆ ಆ ಎರಡು ಆಟಗಳು ಅಲಯನ್ಸ್ ಲೀಗಿನವು, ಅಂದರೆ ಮೀಸಲು ತಂಡದವು. ಮೊದಲ ತಂಡದ ಪಟ್ಟಿಯಲ್ಲಿ ಹುಡುಕಿ ಸಿಗದೆ "ಇದು ಕಟ್ಟುಕತೆ" ಎನ್ನುವವರೂ ತಪ್ಪು, ಮೊದಲ ತಂಡಕ್ಕೆ ಆಡಿದ ಎನ್ನುವವರೂ ತಪ್ಪು.

ಋತು ಮುಗಿದ ಮೇಲೆ ತಾಳೆ ನೋಡಿ. 1960-61ರಲ್ಲಿ 34 ಲೀಗ್ ಆಟ, 20 ಗೆಲುವು, 2 ಸಮ, 12 ಸೋಲು. ಗೆಲುವಿಗೆ ಆಗ ಎರಡೇ ಅಂಕ, ಒಟ್ಟು 42. ಹೊಡೆದದ್ದು 100, ಬಿಟ್ಟುಕೊಟ್ಟದ್ದು 80. ನಿಮ್ಮ 34 ಸಾಲುಗಳ ಮೊತ್ತ ಇದಕ್ಕೆ ಹೊಂದಬೇಕು. ಆಮೇಲೆ ಗೋಲು ಹೊಡೆದವರ ಹೆಸರಿನ ಪಟ್ಟಿಯನ್ನೂ, ಎದುರಾಳಿಯ ಸ್ವಂತ ಗೋಲುಗಳನ್ನೂ ಕೂಡಿ. ಅದು 99 ಬಂದರೆ ಎಲ್ಲೋ ಒಂದು ಹೆಸರು ಕೈತಪ್ಪಿದೆ. 101 ಬಂದರೆ ಸಂಜೆ ಪತ್ರಿಕೆ, ಸೋಮವಾರದ ಪತ್ರಿಕೆ ಎರಡರಿಂದಲೂ ಒಂದೇ ಗೋಲನ್ನು ಎರಡು ಹೆಸರಿಗೆ ಬರೆದಿದ್ದೀರಿ.

ಆಟಗಾರರ ಬದುಕು

ಸ್ಕಾಟ್‌ಲೆಂಡಿನಲ್ಲಿ 1855ರ ಜನವರಿಯಿಂದ ಜನನ, ಮದುವೆ, ಮರಣ ಕಡ್ಡಾಯ ನೋಂದಣಿ. ಸ್ಕಾಟ್‌ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ ಜನನ ಪತ್ರ 100 ವರ್ಷ, ಮದುವೆ 75, ಮರಣ 50 ವರ್ಷ ಹಳೆಯದಾದರೆ ಅದರ ಚಿತ್ರವನ್ನೇ ನೋಡಬಹುದು. ಮರಣ ದಾಖಲೆಯಲ್ಲಿ ತಂದೆ, ತಾಯಿ ಇಬ್ಬರ ಹೆಸರೂ, ತಾಯಿಯ ತವರು ಮನೆತನವೂ ಇರುತ್ತದೆ. ಗ್ಲಾಸ್ಗೋದಲ್ಲಿ ಜಾನ್ ಸ್ಮಿತ್‌ಗಳಿಗೆ ಲೆಕ್ಕವಿಲ್ಲ. ಹೆಸರಿಗೆ ಹೆಸರು ಸಿಕ್ಕಿತೆಂದು ಜೋಡಿಸಬೇಡಿ. ವಯಸ್ಸು, ಕಸುಬು, ವಿಳಾಸ, ತಂದೆತಾಯಿ, ಇವುಗಳಲ್ಲಿ ಮೂರಾದರೂ ಕೂಡಬೇಕು.

ಅವಸರದಲ್ಲಿ ಏನಾಗುತ್ತದೆ ಎಂಬುದಕ್ಕೆ ಆಂಡ್ರೂ ವಾಟ್ಸನ್ ಉದಾಹರಣೆ. 1881ರಲ್ಲಿ ಇಂಗ್ಲೆಂಡನ್ನು 6-1ರಿಂದ ಮಣಿಸಿದ ಸ್ಕಾಟ್‌ಲೆಂಡ್ ತಂಡದ ನಾಯಕ, ಕ್ವೀನ್ಸ್ ಪಾರ್ಕ್ ಆಟಗಾರ, ಮೊದಲ ಕಪ್ಪು ಅಂತರರಾಷ್ಟ್ರೀಯ ಆಟಗಾರ. ಅವರು ಸಿಡ್ನಿಯಲ್ಲಿ ತೀರಿಕೊಂಡರೆಂದು ಬಹುಕಾಲ ಬರೆಯಲಾಗುತ್ತಿತ್ತು. ದಾಖಲೆ ಹಿಡಿದು ಹೋದಾಗ ತಿಳಿದದ್ದು, ಅವರು 1921ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದರು, ಸಮಾಧಿ ರಿಚ್‌ಮಂಡ್‌ನಲ್ಲಿತ್ತು.

ಕ್ಲಬ್ಬಿನ ಆಡಳಿತದ ಕಡೆಗೆ ಹೋಗಬೇಕೆಂದರೆ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್‌ಲೆಂಡ್‌ನಲ್ಲಿ ಮುಚ್ಚಿದ ಕಂಪನಿಗಳ ಕಡತಗಳಿವೆ. ಷೇರುದಾರರ ಪಟ್ಟಿ, ನಿರ್ದೇಶಕರ ಹೆಸರು, ಸಾಲದ ವಿವರ ಇಂಥ ಕಡತದಲ್ಲಿ ಸಿಗುತ್ತವೆ. ಎಲ್ಲ ಕಂಪನಿಯದೂ ಉಳಿದಿರುವುದಿಲ್ಲ, ರೈಲು ಹತ್ತುವ ಮುನ್ನ ಸೂಚಿಯಲ್ಲಿ ನೋಡಿ.

ವಸ್ತುಗಳು: ಮುಟ್ಟುವುದಕ್ಕಿಂತ ಮುಟ್ಟದಿರುವುದು ಹೆಚ್ಚು

ಯಾರಾದರೂ ಪೆಟ್ಟಿಗೆ ತಂದುಕೊಟ್ಟರೆ ಮೊದಲು ರಸೀದಿ. ದಾನವೋ, ಎರವಲೋ? ಎರವಲಾದರೆ ಯಾವತ್ತು ವಾಪಸ್ಸು? ಸ್ಕ್ಯಾನ್ ಮಾಡಬಹುದೇ? ಇಬ್ಬರ ಸಹಿ, ಇಬ್ಬರಿಗೂ ಪ್ರತಿ. ಅಭಿಮಾನಿ ಗುಂಪುಗಳು ಒಡೆಯುವುದು ಇತಿಹಾಸದ ವಾದಕ್ಕಲ್ಲ, "ನಮ್ಮಪ್ಪನ ಪದಕ ಎಲ್ಲಿ?" ಎಂಬ ಪ್ರಶ್ನೆಗೆ.

ಪ್ರೋಗ್ರಾಂಗಳಿಗೆ ದೊಡ್ಡ ಶತ್ರು ಸ್ಟೇಪ್ಲರ್ ಪಿನ್ನು. ತುಕ್ಕು ಹಿಡಿದು ಮಡಿಕೆಯನ್ನು ಸುಟ್ಟಂತೆ ತಿನ್ನುತ್ತದೆ. ಪಿನ್ನು ಕೀಳುವ ಹಲ್ಲಿನ ಸಾಧನ ಬಳಸಿದರೆ ಕಾಗದವೂ ಜೊತೆಗೆ ಬರುತ್ತದೆ. ಪುಸ್ತಕವನ್ನು ನಡುಪುಟಕ್ಕೆ ತೆರೆದು ಮೇಜಿನ ಮೇಲೆ ಅಂಗಾತ ಇಡಿ. ಪಿನ್ನಿನ ಮಡಿಸಿದ ಎರಡು ಕಾಲುಗಳು ಅಲ್ಲಿ ಕಾಣುತ್ತವೆ. ಕಾಲಿನ ಕೆಳಗೆ ಚಿಕ್ಕ ಪಾಲಿಯೆಸ್ಟರ್ ಹಾಳೆ ತೂರಿಸಿ, ತೆಳುವಾದ ಮೊಂಡು ಅಲಗಿನಿಂದ ಒಂದೊಂದೇ ಕಾಲನ್ನು ನೆಟ್ಟಗೆ ಎಬ್ಬಿಸಿ. ಆಮೇಲೆ ಮಗುಚಿ ಹೊರಗಿನಿಂದ ಮೆಲ್ಲಗೆ ಎತ್ತಿ. ತುಕ್ಕಿಗೆ ಕಾಗದ ಅಂಟಿದ್ದರೆ ಎಳೆಯಬೇಡಿ, ಒಣ ಬ್ರಷ್ಷಿನಿಂದ ತುಕ್ಕಿನ ಪುಡಿ ಉದುರಿಸಿ ಮತ್ತೆ ನೋಡಿ. ಹೊಸ ಪಿನ್ನು ಹೊಡೆಯಬೇಡಿ. ಹಳೆಯ ತೂತಿನಲ್ಲೇ ನಾರಿನ ದಾರ ಹಾಕಿ ಸಡಿಲವಾಗಿ ಕಟ್ಟಬಹುದು.

ಪ್ರೋಗ್ರಾಂನಲ್ಲಿ ಪೆನ್ಸಿಲ್ ಗೀಚಿದ್ದರೆ ಅಳಿಸಬೇಡಿ. ಮಾರುವವರು "ಗೀಚಿಲ್ಲದ ಪ್ರತಿ"ಗೆ ಹೆಚ್ಚು ಬೆಲೆ ಕಟ್ಟುತ್ತಾರೆ. ಇತಿಹಾಸಕ್ಕೆ ಗೀಚಿದ ಪ್ರತಿಯೇ ಬೆಲೆಯುಳ್ಳದ್ದು. ಅಚ್ಚಾದದ್ದು ಆಟಕ್ಕೆ ದಿನಗಳ ಮೊದಲೇ ಊಹಿಸಿದ ತಂಡ. ಒಂದು ಹೆಸರು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದದ್ದು ಮೈದಾನದಲ್ಲಿ ನಿಂತಿದ್ದವರ ಕೈ.

ಸಂಗ್ರಹಕ್ಕೆ ಪಾಲಿಯೆಸ್ಟರ್ ಕವರು, ಆಮ್ಲವಿಲ್ಲದ ಪೆಟ್ಟಿಗೆ. ಪಿವಿಸಿ ಕವರು ಬೇಡ, ಹೊಸ ಮಳೆಕೋಟಿನ ವಾಸನೆ ಬಂದರೆ ಅದೇ ಪಿವಿಸಿ. ವರ್ಷಗಳಾದ ಮೇಲೆ ಅದು ಜಿಗುಟಾಗಿ ಮಸಿಯನ್ನು ಎಳೆದುಕೊಳ್ಳುತ್ತದೆ. ಸೆಲ್ಲೋಟೇಪ್ ಅಂತೂ ಎಂದಿಗೂ ಬೇಡ. ತಾಪಮಾನ 13ರಿಂದ 20 ಡಿಗ್ರಿ, ತೇವಾಂಶ 35ರಿಂದ 60 ಶೇಕಡ, ಅದಕ್ಕಿಂತ ಮುಖ್ಯವಾಗಿ ದಿನದಿನಕ್ಕೆ ಏರಿಳಿಯದಿರುವುದು. ಗ್ಲಾಸ್ಗೋದ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಗಾಲದಲ್ಲಿ ಬೆವರುತ್ತದೆ. ಮಲಗುವ ಕೋಣೆಯ ಒಳಗೋಡೆಯ ಕಪಾಟು ಅಟ್ಟಕ್ಕಿಂತಲೂ ನೆಲಮಾಳಿಗೆಗಿಂತಲೂ ಮೇಲು.

ಫೋಟೋ ಹಿಡಿಯಲು ನೈಟ್ರೈಲ್ ಕೈಗವಸು, ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈ. ಫೋಟೋ ಹಿಂದೆ ಬರೆಯಲೇಬೇಕಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಅಂಚಿನಲ್ಲಿ ಮಾತ್ರ. ಹಳೆಯ ಆಲ್ಬಮ್ಮಿನ ಪುಟಕ್ಕೆ ಅಂಟಿದ ಫೋಟೋ ಕೀಳುವ ಮುನ್ನ ಇಡೀ ಪುಟದ ಚಿತ್ರ ತೆಗೆದುಕೊಳ್ಳಿ, ಯಾವುದರ ಪಕ್ಕ ಯಾವುದಿತ್ತು ಎಂಬುದೇ ಎಷ್ಟೋ ಸಲ ಆಟದ ಗುರುತು ಕೊಡುತ್ತದೆ.

ಉಣ್ಣೆಯ ಜೆರ್ಸಿ ಬಂದರೆ ಒಗೆಯಬೇಡಿ, ಹ್ಯಾಂಗರಿಗೆ ತೂಗುಹಾಕಬೇಡಿ, ನುಸಿಗುಳಿಗೆ ಇಡಬೇಡಿ. ನುಸಿ ಹಿಡಿದ ಅನುಮಾನವಿದ್ದರೆ ಟಿಶ್ಯೂ ಸುತ್ತಿ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಮೈನಸ್ 30 ಸಿಕ್ಕರೆ ಮೂರು ದಿನ ಸಾಕು. ಹೊರತೆಗೆದ ಮೇಲೆ ಚೀಲ ಬಿಚ್ಚದೆ 24 ಗಂಟೆ ಕಾಯಿರಿ, ಇಲ್ಲದಿದ್ದರೆ ಬಟ್ಟೆಯ ಮೇಲೇ ನೀರು ಕೂರುತ್ತದೆ. ನಂತರ ಆಮ್ಲವಿಲ್ಲದ ಟಿಶ್ಯೂ ಕಾಗದದ ಉಂಡೆಗಳನ್ನು ತೋಳಿನೊಳಗೂ ಮಡಿಕೆಯೊಳಗೂ ತುಂಬಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಲಗಿಸಿ. ಚರ್ಮದ ಚೆಂಡಿಗೆ ಗಾಳಿ ಹೊಡೆಯಬೇಡಿ, ಹೊಲಿಗೆ ಬಿಡುತ್ತದೆ. ಪದಕಕ್ಕೆ ಪಾಲಿಷ್ ಬೇಡ, ಒಮ್ಮೆ ಉಜ್ಜಿದರೂ ಕೆತ್ತಿದ ಅಕ್ಷರ ಅಷ್ಟು ಸವೆಯುತ್ತದೆ.

ಮನೆಯಲ್ಲಿ ತೆಗೆದ 8 ಮಿ.ಮೀ. ಫಿಲ್ಮು ಸಿಕ್ಕರೆ ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಇದ್ದರೆ ಫಿಲ್ಮು ಕರಗಲು ಶುರುವಾಗಿದೆ, ಪಕ್ಕದ ಸುರುಳಿಗೂ ಹರಡುತ್ತದೆ. ಬೇರ್ಪಡಿಸಿ, ತಂಪಿನಲ್ಲಿಡಿ, ಹಳೆಯ ಪ್ರೊಜೆಕ್ಟರಿಗೆ ಹಾಕಬೇಡಿ. ಕುಗ್ಗಿದ ಫಿಲ್ಮಿನ ತೂತುಗಳು ಹಲ್ಲಿಗೆ ಹೊಂದದೆ ಹರಿಯುತ್ತವೆ. 1950ರ ದಶಕಕ್ಕೆ ಮುಂಚಿನ 35 ಮಿ.ಮೀ. ಫಿಲ್ಮಾದರೆ ಅದು ನೈಟ್ರೇಟ್ ಇರಬಹುದು, ಬೆಂಕಿ ಹೊತ್ತಿದರೆ ಆರಿಸಲಾಗದು. ಮನೆಯಲ್ಲಿಡಬೇಡಿ, ಅಂಚೆಗೆ ಹಾಕಬೇಡಿ, ಗ್ಲಾಸ್ಗೋದ ಕೆಲ್ವಿನ್ ಹಾಲ್‌ನಲ್ಲಿರುವ ನ್ಯಾಷನಲ್ ಲೈಬ್ರರಿಯ ಚಲನಚಿತ್ರ ಸಂಗ್ರಹದವರಿಗೆ ಫೋನು ಮಾಡಿ.

ಸ್ಕ್ಯಾನು ಮತ್ತು ನಕಲು

ಪ್ರೋಗ್ರಾಂ, ಪತ್ರಗಳಿಗೆ 400 ಪಿಪಿಐ (ಒಂದು ಅಂಗುಲಕ್ಕೆ ಇಷ್ಟು ಚಿತ್ರಬಿಂದು), ಫೋಟೋ ಮುದ್ರಣಕ್ಕೆ 600, 35 ಮಿ.ಮೀ. ನೆಗೆಟಿವ್‌ಗೆ 4000. ಕಪ್ಪುಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಪೆನ್ಸಿಲ್ ಗುರುತು, ಕಲೆ, ಮೊಹರು ಬಣ್ಣದಲ್ಲಷ್ಟೇ ಬೇರೆಯಾಗಿ ಕಾಣುತ್ತವೆ. ಮೂಲಪ್ರತಿ ಟಿಫ್, ಹಂಚಲು ಜೆಪೆಗ್ ಅಥವಾ ಪಿಡಿಎಫ್. ಎ5 ಅಳತೆಯ 16 ಪುಟದ ಪ್ರೋಗ್ರಾಂ 400 ಪಿಪಿಐಗೆ ಸುಮಾರು 370 ಎಂಬಿ ಆಗುತ್ತದೆ. ಖಾಲಿ ಪುಟ, ಜಾಹೀರಾತು ಪುಟ ಬಿಡಬೇಡಿ. ಗೋವನ್‌ಹಿಲ್‌ನ ಬೇಕರಿಯ ಜಾಹೀರಾತನ್ನು ನಾಳೆ ಬೇರೆ ಯಾರೋ ಹುಡುಕುತ್ತಿರುತ್ತಾರೆ.

ಅಚ್ಚಾದ ಚಿತ್ರಗಳು ಚುಕ್ಕಿಗಳಿಂದಾದವು, ಸ್ಕ್ಯಾನಿನಲ್ಲಿ ಅಲೆಅಲೆಯ ಗೆರೆ ಬರುತ್ತದೆ. ಅದನ್ನು ತೆಗೆಯುವ ಗುಂಡಿಯನ್ನು ಹಂಚುವ ಪ್ರತಿಗೆ ಮಾತ್ರ ಒತ್ತಿ.

ಕಡತದ ಹೆಸರು ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಇರಲಿ. ವರ್ಷ ಮೊದಲು, ಆಮೇಲೆ ತಿಂಗಳು, ದಿನ: 1967-04-28. ಹೀಗಿಟ್ಟರೆ ಕಡತಗಳು ತಾವೇ ಕಾಲಾನುಕ್ರಮದಲ್ಲಿ ಕೂರುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಸಂಖ್ಯೆ (ಕಡತದೊಳಗೆ ಒಂದಕ್ಷರ ಬದಲಾದರೂ ಬದಲಾಗುವ ಗುರುತುಸಂಖ್ಯೆ) ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ. ಇದನ್ನು ಮಾಡದವರಿಗೆ ಕಡತ ಕೆಟ್ಟದ್ದು ತಿಳಿಯುವುದು ಕೆಟ್ಟ ಪ್ರತಿಯೇ ಮೂರೂ ಕಡೆ ನಕಲಾದ ಮೇಲೆ.

ಹಕ್ಕು

ಫೋಟೋ ಕೈಯಲ್ಲಿದ್ದ ಮಾತ್ರಕ್ಕೆ ಪ್ರಕಟಿಸುವ ಹಕ್ಕು ಬರುವುದಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ತೆಗೆದವರು ತೀರಿಕೊಂಡ ಮೇಲೆ 70 ವರ್ಷ ಹಕ್ಕು ಉಳಿಯುತ್ತದೆ. ಹಕ್ಕುದಾರರು ಯಾರೆಂದೇ ತಿಳಿಯದಿದ್ದರೆ, ಶ್ರದ್ಧೆಯಿಂದ ಹುಡುಕಿದ ದಾಖಲೆ ತೋರಿಸಿ ಅಲ್ಲಿನ ಬೌದ್ಧಿಕ ಆಸ್ತಿ ಕಚೇರಿಯಿಂದ ಅನಾಥ ಕೃತಿಗಳ ಪರವಾನಗಿ ಪಡೆಯಬಹುದು. ಅದು ಬ್ರಿಟನ್ನಿಗೆ ಮಾತ್ರ ಅನ್ವಯ, ಒಮ್ಮೆಗೆ ಏಳು ವರ್ಷದವರೆಗೆ. ಹುಡುಕಿದ ಪ್ರತಿ ಇಮೇಲ್ ಉಳಿಸಿಕೊಳ್ಳಿ.

ಮೈದಾನ ಮತ್ತು ಸಮಾಧಿ

ಕ್ಯಾತ್ಕಿನ್ ಪಾರ್ಕಿನ ಚಿತ್ರ ತೆಗೆಯಲು ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ, ಎಲೆ ಉದುರಿ ಮೆಟ್ಟಿಲು ಪೂರ್ತಿ ಕಾಣುತ್ತದೆ. ಹತ್ತು ಜಾಗ ಗೊತ್ತುಮಾಡಿ ಪ್ರತಿ ವರ್ಷ ಅಲ್ಲಿಂದಲೇ ತೆಗೆಯಿರಿ, ಚೌಕಟ್ಟಿನಲ್ಲಿ ಒಂದು ಮೀಟರಿನ ಅಳತೆಕೋಲು ಇರಲಿ. ಕಾಂಕ್ರೀಟ್ ಚೂರು ನೆನಪಿಗೆಂದು ಎತ್ತಿಕೊಳ್ಳಬೇಡಿ. ಲೋಹಶೋಧಕ ಹಿಡಿದು ಹೋಗುವ ಮುನ್ನ ಜಾಗದ ಒಡೆಯರ ಅನುಮತಿ ಬೇಕು. ಸ್ಕಾಟ್‌ಲೆಂಡಿನಲ್ಲಿ ನೆಲದಲ್ಲಿ ಸಿಕ್ಕ ಪುರಾತನ ವಸ್ತುವೆಲ್ಲ ರಾಜಸತ್ತೆಗೆ ಸೇರಿದ್ದು, ಟ್ರೆಷರ್ ಟ್ರೋವ್ ಘಟಕಕ್ಕೆ ತಿಳಿಸಲೇಬೇಕು.

ಹಳೆಯ ಆಟಗಾರರ ಸಮಾಧಿ ಹುಡುಕಿ ಕಲ್ಲು ನಿಲ್ಲಿಸುವುದರಲ್ಲಿ ಸೆಲ್ಟಿಕ್ ಗ್ರೇವ್ಸ್ ಸೊಸೈಟಿಯ ಅಭಿಮಾನಿಗಳು ದಾರಿ ತೋರಿಸಿದ್ದಾರೆ. ಸಮಾಧಿಯ ಜಾಗಕ್ಕೆ ಸ್ಕಾಟ್‌ಲೆಂಡಿನಲ್ಲಿ "ಲೇರ್" ಎನ್ನುತ್ತಾರೆ. ಸ್ಮಶಾನ ನೋಡಿಕೊಳ್ಳುವುದು ಹೆಚ್ಚಾಗಿ ಸ್ಥಳೀಯ ಕೌನ್ಸಿಲ್, ಲೇರ್ ಹಕ್ಕು ಕುಟುಂಬದ್ದು, ಎರಡೂ ಕಡೆಯ ಲಿಖಿತ ಒಪ್ಪಿಗೆ ಬೇಕು. ಕಲ್ಲು ತೊಳೆಯಲು ಬರೀ ನೀರು, ಮೆತ್ತನೆಯ ಬ್ರಷ್. ತಂತಿಬ್ರಷ್, ಬ್ಲೀಚ್, ಒತ್ತಡದ ನೀರು ಬೇಡ. ಗ್ಲಾಸ್ಗೋದ ಮರಳುಗಲ್ಲು ಪದರಪದರವಾಗಿ ಏಳುತ್ತದೆ, ಅಕ್ಷರ ಇರುವುದು ಮೇಲಿನ ಪದರದಲ್ಲೇ.

ಕೊನೆಗೆ ಎಲ್ಲಿಡುವುದು

ಸಂಗ್ರಹ ಒಬ್ಬರ ಹೆಸರಿನಲ್ಲಿದ್ದರೆ ಅವರ ನಂತರ ಅದು ಅವರ ಮನೆಯವರ ಆಸ್ತಿ, ಬಹುಪಾಲು ಸಲ ಹರಾಜಿಗೆ ಹೋಗುತ್ತದೆ. ಸ್ಕಾಟ್‌ಲೆಂಡಿನ ಧರ್ಮದತ್ತಿ ನಿಯಂತ್ರಕರಲ್ಲಿ ಸಂಸ್ಥೆಯಾಗಿ ನೋಂದಾಯಿಸಿ, ನಿಯಮಾವಳಿಯಲ್ಲಿ "ಸಂಸ್ಥೆ ಮುಚ್ಚಿದರೆ ವಸ್ತುಗಳು ಇಂಥ ಸಾರ್ವಜನಿಕ ಸಂಗ್ರಹಕ್ಕೆ" ಎಂದು ಮೊದಲೇ ಬರೆಸಿ. ಹ್ಯಾಂಪ್ಡನ್‌ನಲ್ಲಿರುವ ಸ್ಕಾಟಿಷ್ ಫುಟ್‌ಬಾಲ್ ಮ್ಯೂಸಿಯಂ, ಮಿಚೆಲ್ ಲೈಬ್ರರಿ ಇಂಥ ಕಡೆ ಮಾತಾಡುವಾಗ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಡಿ, ಪಟ್ಟಿ ಕಳಿಸಿ. ಅವರಿಗೆ ಇಪ್ಪತ್ತನೇ ಬಾರಿಗೆ ಅದೇ ಪ್ರೋಗ್ರಾಂ ಬೇಕಿಲ್ಲ. ಅವರು ಕೇಳುವ ಮೊದಲ ಪ್ರಶ್ನೆ, ಇದು ಯಾರ ಮನೆಯಿಂದ ಬಂತು, ಅವರು ಬರೆದುಕೊಟ್ಟಿದ್ದಾರೆಯೇ? ರಸೀದಿಯ ಫೈಲು ಆಗ ಕೈಯಲ್ಲಿರಲಿ.